ತುಟಿಯ ಮೇಲೊಂದು ಗರಿ

ಹೈಸ್ಕೂಲಿನ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಯುರೋಪಿನ ಮತಸುಧಾರಣೆಗೆ ಸಿಕ್ಕಿರುವ ಜಾಗ ಬಹಳ ಸಣ್ಣದು. ಪೋಪರ ಅಧಿಕಾರ, ಪಾಪವಿಮೋಚನಾ ಪತ್ರಗಳ ಮಾರಾಟ, 1517ನೇ ಇಸವಿ, ವಿಟೆನ್‌ಬರ್ಗ್, ಮಾರ್ಟಿನ್ ಲೂಥರನ 95 ವಾದಗಳು. ಇಷ್ಟು ಹೇಳಿದರೆ ಪಾಠ ಮುಗಿಯಿತು. 'ಮತಸುಧಾರಣೆಗೆ ಕಾರಣಗಳೇನು?' ಎಂಬ ನಾಲ್ಕು ಅಂಕದ ಪ್ರಶ್ನೆಗೆ ಮಕ್ಕಳು ನಾಲ್ಕು ಅಂಶ ಬರೆದು ಬರುತ್ತಾರೆ. ಇಪ್ಪತ್ತಾರು ವರ್ಷಗಳಿಂದ ನಾನು ಪಾಠ ಹೇಳುತ್ತಾ ಬಂದಿರುವ ಈ ಅಧ್ಯಾಯದಲ್ಲಿ ಎಲ್ಲೂ ಬಾರದ ಒಂದು ಶಬ್ದವಿದೆ. ಅದು ಭಯ. ಜನ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಕಾಸನ್ನು ಒಂದು ಚೀಟಿಗೆ ಕೊಡಬೇಕಾದರೆ ಅವರ ಎದೆಯೊಳಗೆ ಎಂಥ ಭಯ ಇದ್ದಿರಬೇಕು? ಯಾವುದರ ಭಯ?

ಸತ್ತ ಮೇಲೆ ಏನಾಗುತ್ತದೆ ಎಂಬುದರ ಭಯ. ದೇವರ ಕೋಪದ ಭಯ. ನರಕದ ಭಯ. ಈ ಭಯದ ಬೆನ್ನು ಹತ್ತಿ ಒಂದೆರಡು ಬೇಸಿಗೆ ರಜೆಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದುತ್ತಾ ಹೋದಂತೆ ರಾಜರು, ಪೋಪರು, ಪಂಡಿತರು ಹಿಂದೆ ಸರಿದು ಒಂದು ಕತ್ತಲೆಯ ಹೆರಿಗೆ ಕೋಣೆ ನನ್ನ ಕಣ್ಣ ಮುಂದೆ ಬಂದು ನಿಂತಿತು. ನರಕದ ಶಾಸ್ತ್ರ ಬರೆದವರು ಗಂಡಸರು. ಅದರ ಲೆಕ್ಕ ತೀರಿಸಿದವರು ಮಾತ್ರ ಆ ಕೋಣೆಯೊಳಗಿದ್ದ ಹೆಂಗಸರು. ಆ ಕಥೆಯನ್ನೇ ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಆ ನಂಬಿಕೆಯ ತಿರುಳನ್ನು ತಿಳಿದುಕೊಳ್ಳೋಣ. ದೇವರು ಸೃಷ್ಟಿಸಿದ ಮೊದಲ ಗಂಡು ಹೆಣ್ಣು ಆದಾಮ ಮತ್ತು ಹವ್ವ. ಅವರು ದೇವರ ಮಾತು ಮೀರಿ ಪಾಪಕ್ಕೆ ಗುರಿಯಾದರು. ಆ ಪಾಪದ ಕಲೆ ಅವರಿಗಷ್ಟೇ ನಿಲ್ಲದೆ, ಅವರ ವಂಶದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಬರುತ್ತದೆ. ಇದಕ್ಕೆ ಜನ್ಮಪಾಪವೆಂದು ಹೆಸರು. ಮನುಷ್ಯ ತನ್ನ ಸ್ವಂತ ಬಲದಿಂದ ಇದನ್ನು ತೊಳೆದುಕೊಳ್ಳಲಾರ. ಅದಕ್ಕಾಗಿಯೇ ಯೇಸು ಕ್ರಿಸ್ತ ಶಿಲುಬೆಯ ಮೇಲೆ ಪ್ರಾಣ ಕೊಟ್ಟ. ಅವನನ್ನು ನಂಬಿ ಜ್ಞಾನಸ್ನಾನ ಪಡೆದವರಿಗೆ ರಕ್ಷಣೆ, ಉಳಿದವರಿಗೆ ನರಕ.

ನರಕ ನಮಗೇನು ಹೊಸದಲ್ಲ. ಯಮ, ಚಿತ್ರಗುಪ್ತ, ಕಾದ ಎಣ್ಣೆಯ ಕೊಪ್ಪರಿಗೆ ಎಲ್ಲವನ್ನೂ ಅಜ್ಜಿಯರ ಬಾಯಿಂದ ಕೇಳಿಯೇ ನಾವು ಬೆಳೆದವರು. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ನರಕಕ್ಕೆ ಅವಧಿ ಇದೆ. ಮಾಡಿದ್ದನ್ನು ಉಂಡು ಮುಗಿಸಿದ ಮೇಲೆ ಜೀವ ಮತ್ತೆ ಹುಟ್ಟುತ್ತದೆ, ಇನ್ನೊಂದು ಅವಕಾಶ ಸಿಗುತ್ತದೆ. ಅಲ್ಲಿ ಇರುವುದು ಒಂದೇ ಜನ್ಮ. ನರಕಕ್ಕೆ ಬಿದ್ದರೆ ಮರಳುವ ದಾರಿಯೇ ಇಲ್ಲ. ಸಣ್ಣಪುಟ್ಟ ಪಾಪದವರಿಗೆ ಶುದ್ಧೀಕರಣ ಸ್ಥಳವೆಂಬ ನಡುವಿನ ಜಾಗವೊಂದನ್ನು ಕ್ಯಾಥೊಲಿಕ್ ಸಭೆ ಹೇಳಿತು. ಪಾಪವಿಮೋಚನಾ ಪತ್ರಗಳು ಆ ಜಾಗದ ಶಿಕ್ಷೆಯನ್ನು ಕಡಿಮೆ ಮಾಡಿಕೊಳ್ಳುವುದಕ್ಕೇ ಹೊರತು ನರಕದಿಂದ ಬಿಡಿಸಿಕೊಳ್ಳುವುದಕ್ಕಲ್ಲ. ನರಕಕ್ಕೆ ಯಾವ ಚೀಟಿಯೂ ನಡೆಯುತ್ತಿರಲಿಲ್ಲ.

ಈಗ ನೀವೇ ಯೋಚಿಸಿ ನೋಡಿ. ಜನ್ಮಪಾಪ ಹುಟ್ಟಿನಿಂದಲೇ ಬರುವುದಾದರೆ, ಅದನ್ನು ತೊಳೆಯುವುದು ಜ್ಞಾನಸ್ನಾನವೊಂದೇ ಆದರೆ, ನೀರು ಬೀಳುವ ಮೊದಲೇ ಕಣ್ಣು ಮುಚ್ಚಿದ ಕೂಸು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಬಹು ಕಠಿಣವಾದ ಉತ್ತರ ಕೊಟ್ಟವನು ಸಂತ ಅಗಸ್ಟಿನ್. ಈತ ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದ ಇಂದಿನ ಅಲ್ಜೀರಿಯಾದಲ್ಲಿ. ಮಹಾ ಮೇಧಾವಿ. ಅವನ ಕಾಲದಲ್ಲಿ ಬ್ರಿಟನ್ನಿನ ಕಡೆಯಿಂದ ಬಂದ ಪೆಲೇಜಿಯಸ್ ಎಂಬ ವಿರಕ್ತನೊಬ್ಬ, ಮಗು ಪಾಪವಿಲ್ಲದೆಯೇ ಹುಟ್ಟುತ್ತದೆ, ಆದಾಮನ ಪಾಪ ಆದಾಮನಿಗೆ ಎಂದು ವಾದಿಸಿದ. ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳ ಬಗ್ಗೆ ಕೇಳಿದರೆ, ಅವು ಎಲ್ಲಿಗೆ ಹೋಗುವುದಿಲ್ಲ ಎಂಬುದು ತನಗೆ ಗೊತ್ತು, ಎಲ್ಲಿಗೆ ಹೋಗುತ್ತವೆ ಎಂಬುದು ಗೊತ್ತಿಲ್ಲ ಎನ್ನುತ್ತಿದ್ದನಂತೆ. ಅಗಸ್ಟಿನ್‌ಗೆ ಈ ಉತ್ತರ ಸಾಲಲಿಲ್ಲ. ಮಗು ನಿಷ್ಪಾಪಿಯಾದರೆ ಕ್ರಿಸ್ತ ಅದಕ್ಕಾಗಿ ಸತ್ತದ್ದೇಕೆ? ಆದ್ದರಿಂದ ಆ ಮಕ್ಕಳೂ ನರಕಕ್ಕೇ ಹೋಗುತ್ತವೆ, ಆದರೆ ಅವುಗಳ ಶಿಕ್ಷೆ ಎಲ್ಲರಿಗಿಂತ ಸೌಮ್ಯವಾಗಿರುತ್ತದೆ ಎಂದು ಬರೆದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಪೆಲೇಜಿಯಸನ ವಾದವನ್ನು ಖಂಡಿಸಿತು.

ಮಗುವಿನಲ್ಲೂ ಪಾಪವಿದೆ ಎನ್ನುವುದಕ್ಕೆ ಅಗಸ್ಟಿನ್ ತನ್ನ ಆತ್ಮಕಥೆಯಲ್ಲಿ ಒಂದು ಸಾಕ್ಷಿ ಕೊಡುತ್ತಾನೆ. ಇನ್ನೂ ಮಾತು ಬಾರದ ಕೂಸೊಂದು, ತನ್ನ ಜೊತೆ ಮೊಲೆಯುಣ್ಣುವ ಇನ್ನೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ಮುಖ ಬಿಳಿಚಿಕೊಂಡು ದುರುಗುಟ್ಟಿ ನೋಡುತ್ತಿದ್ದುದನ್ನು ಆತ ಕಂಡಿದ್ದನಂತೆ! ಎರಡು ಮಕ್ಕಳನ್ನು ಸಾಕಿದ ಯಾವ ತಾಯಿಯಾದರೂ ಇದನ್ನು ಓದಿ ನಕ್ಕುಬಿಟ್ಟಾಳು. ಆ ನೋಟವನ್ನು ನಾವೂ ನೋಡಿದ್ದೇವೆ. ಅದನ್ನು ಹಸಿವು ಎಂದೆವು, ಹಟ ಎಂದೆವು. ಪಾಪ ಎನ್ನಲು ನಮಗೆ ತೋಚಲಿಲ್ಲ.

ಇನ್ನೂ ಆಶ್ಚರ್ಯವೆಂದರೆ ಅಗಸ್ಟಿನ್‌ಗೆ ಶೈಶವದಲ್ಲಿ ಜ್ಞಾನಸ್ನಾನವೇ ಆಗಿರಲಿಲ್ಲ. ಬಾಲ್ಯದಲ್ಲಿ ಒಮ್ಮೆ ಹೊಟ್ಟೆನೋವಿನಿಂದ ಸಾಯುವ ಸ್ಥಿತಿಗೆ ಬಂದಾಗ ತಾಯಿ ಮೋನಿಕಾ ಅದಕ್ಕೆ ಸಿದ್ಧತೆ ಮಾಡಿದ್ದಳು. ಹುಡುಗ ಚೇತರಿಸಿಕೊಂಡದ್ದರಿಂದ ಅದನ್ನು ಮುಂದಕ್ಕೆ ಹಾಕಿದರು. ಕೊನೆಗೆ ಅವನು ಜ್ಞಾನಸ್ನಾನ ಪಡೆದದ್ದು 387ರಲ್ಲಿ, ಮಿಲಾನಿನಲ್ಲಿ, ಮೂವತ್ತು ದಾಟಿದ ಮೇಲೆ. ಅವನ ಜೊತೆಗೇ ಅವನ ಹದಿಹರೆಯದ ಮಗನಿಗೂ ಆಯಿತು. ಆ ಮಗನ ಹೆಸರು ಅದಿಯೊದಾತುಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದೇವದತ್ತ. ಅದಕ್ಕೂ ಮೊದಲು, ಅಡ್ಡದಾರಿ ಹಿಡಿದ ಮಗನಿಗಾಗಿ ಮೋನಿಕಾ ವರ್ಷಗಟ್ಟಲೆ ಅತ್ತಿದ್ದಳು. ಇಷ್ಟೊಂದು ಕಣ್ಣೀರಿನ ಮಗ ನಾಶವಾಗುವುದು ಸಾಧ್ಯವಿಲ್ಲ ಎಂದು ಬಿಷಪ್ಪನೊಬ್ಬ ಅವಳಿಗೆ ಸಮಾಧಾನ ಹೇಳಿದ್ದನ್ನು ಅಗಸ್ಟಿನ್‌ನೇ ಬರೆದಿಟ್ಟಿದ್ದಾನೆ. ತನ್ನ ತಾಯಿಯ ಕಣ್ಣೀರಿಗೆ ಇದ್ದ ಬೆಲೆ ಉಳಿದ ತಾಯಂದಿರ ಕಣ್ಣೀರಿಗೂ ಇರಬೇಕಲ್ಲವೆ? ಈ ಪ್ರಶ್ನೆ ಅಷ್ಟು ದೊಡ್ಡ ಪಂಡಿತನಿಗೆ ಬರಲಿಲ್ಲವೋ, ಬಂದರೂ ತರ್ಕ ಬಿಡಲಿಲ್ಲವೋ!

ನಂತರದ ಶತಮಾನಗಳ ಪಂಡಿತರಿಗೆ ಅಗಸ್ಟಿನ್‌ನ ಈ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಅವನನ್ನು ಅಲ್ಲಗಳೆಯುವಂತಿಲ್ಲ, ಕೂಸನ್ನು ಬೆಂಕಿಗೆ ಹಾಕುವುದಕ್ಕೆ ಮನಸ್ಸೂ ಬಾರದು. ಆಗ ಹೊಳೆದದ್ದು 'ಲಿಂಬೊ' ಎಂಬ ಕಲ್ಪನೆ. ಇದರ ಮೂಲ ಲ್ಯಾಟಿನ್ ಶಬ್ದಕ್ಕೆ ಅಂಚು ಎಂದರ್ಥ, ಬಟ್ಟೆಯ ಅಂಚು ಇರುತ್ತದಲ್ಲ, ಅದು. ನರಕದ ಅಂಚಿನಲ್ಲಿ ಒಂದು ಜಾಗ. ಅಲ್ಲಿ ಬೆಂಕಿಯಿಲ್ಲ, ನೋವಿಲ್ಲ. ಆದರೆ ದೇವರ ದರ್ಶನವೂ ಇಲ್ಲ. ಹದಿಮೂರನೇ ಶತಮಾನದ ತಾಮಸ್ ಅಕ್ವಿನಾಸ್, ಆ ಮಕ್ಕಳಿಗೆ ತಾವು ಕಳೆದುಕೊಂಡದ್ದೇನೆಂದು ತಿಳಿಯದೇ ಇರುವುದರಿಂದ ದುಃಖವೂ ಇಲ್ಲ, ಅವು ತಮ್ಮ ಮಟ್ಟಿಗೆ ಸುಖವಾಗಿಯೇ ಇರುತ್ತವೆ ಎಂದ. ಇಟಲಿಯ ಕವಿ ಡಾಂಟೆ ತನ್ನ ಮಹಾಕಾವ್ಯದಲ್ಲಿ ನರಕದ ಮೊದಲ ಸುತ್ತನ್ನೇ ಲಿಂಬೊ ಎಂದು ಚಿತ್ರಿಸಿದ. ಅಲ್ಲಿ ಕೇಳಿಸುವುದು ಚೀರಾಟವಲ್ಲ, ಬರಿಯ ನಿಟ್ಟುಸಿರು.

ಪಂಡಿತರ ಸಮಸ್ಯೆ ಇಲ್ಲಿಗೆ ಬಗೆಹರಿಯಿತು. ತಾಯಿಯ ಸಮಸ್ಯೆ ಬಗೆಹರಿಯಲಿಲ್ಲ. ಮಗುವಿಗೆ ನೋವಿಲ್ಲದಿರಬಹುದು. ಆದರೆ ತಾನು ಸತ್ತು ಸ್ವರ್ಗಕ್ಕೆ ಹೋದರೂ ಆ ಕೂಸು ಅಲ್ಲಿರುವುದಿಲ್ಲ. ಒಂದು ಸಲವೂ ಮುಖ ನೋಡುವಂತಿಲ್ಲ. ಬಿಟ್ಟುಹೋದದ್ದು ಎಂದೆಂದಿಗೂ ಬಿಟ್ಟುಹೋದದ್ದೇ.

ಹೀಗಾಗಿ ಯುರೋಪಿನ ಹೆರಿಗೆ ಕೋಣೆಯಲ್ಲಿ ಸಾವಿನ ಭಯದ ಜೊತೆ ಇನ್ನೊಂದು ಭಯ ಸೇರಿಕೊಂಡಿತು. ಪಾದ್ರಿ ಬರುವಷ್ಟು ಹೊತ್ತು ಇಲ್ಲದಾಗ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ಸಭೆ ಅನುಮತಿ ಕೊಟ್ಟಿತ್ತು. ಗಂಡಸಾಗಲಿ, ಹೆಂಗಸಾಗಲಿ, ಕ್ರೈಸ್ತರಲ್ಲದವರೇ ಆಗಲಿ, ನೀರು ಹಾಕಿ ಸರಿಯಾದ ಮಾತು ಹೇಳಿದರೆ ಸಾಕು. ಆದ್ದರಿಂದ ಸೂಲಗಿತ್ತಿಗೆ ಹೊಕ್ಕುಳಬಳ್ಳಿ ಕತ್ತರಿಸುವುದರ ಜೊತೆಗೆ ತಂದೆ, ಮಗ, ಪವಿತ್ರಾತ್ಮರ ಹೆಸರು ಹೇಳುವುದೂ ಬರಬೇಕಿತ್ತು. ಪೂಜೆಯ ಪೀಠದ ಹತ್ತಿರಕ್ಕೂ ಹೆಂಗಸನ್ನು ಬಿಡದಿದ್ದ ಕಾಲದಲ್ಲಿ, ಸ್ವರ್ಗದ ಬಾಗಿಲಿನ ಬೀಗದ ಕೈ ಒಬ್ಬ ಬಡ ಸೂಲಗಿತ್ತಿಯ ಒದ್ದೆ ಕೈಯಲ್ಲಿತ್ತು. ಮಗು ಹೊರಗೆ ಬಾರದೆ ಸಿಕ್ಕಿಕೊಂಡಾಗ ಪಿಚಕಾರಿಯಿಂದ ಗರ್ಭದೊಳಕ್ಕೇ ನೀರು ಹಾಯಿಸಬಹುದೇ ಎಂದು ಹದಿನೆಂಟನೇ ಶತಮಾನದ ಪ್ಯಾರಿಸ್ಸಿನ ಪಂಡಿತರು ಚರ್ಚಿಸಿದರು. ಬಸುರಿ ಸತ್ತರೆ ಅವಳ ಹೊಟ್ಟೆ ಬಗೆದು ಮಗುವಿಗೆ ಜ್ಞಾನಸ್ನಾನ ಕೊಡಬೇಕೆಂದು ಸಿಸಿಲಿಯ ಪಾದ್ರಿಯೊಬ್ಬ 1745ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ.

ಇಷ್ಟಾದರೂ ಎಷ್ಟೋ ಕೂಸುಗಳು ಸತ್ತೇ ಹುಟ್ಟುತ್ತಿದ್ದವು. ಸತ್ತವರಿಗೆ ಜ್ಞಾನಸ್ನಾನ ಕೊಡುವಂತಿಲ್ಲ. ಅಂಥ ಕೂಸನ್ನು ಚರ್ಚಿನ ಪವಿತ್ರ ಭೂಮಿಯಲ್ಲಿ ಮಣ್ಣು ಮಾಡುವಂತೆಯೂ ಇರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮಜ್ಜಿಯ ನೆನಪಾಗುತ್ತಿತ್ತು. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಅಜ್ಜಿ ಒಂದೇ ಉಸಿರಿಗೆ "ಹೆತ್ತದ್ದು ಒಂಬತ್ತು, ಉಳಿದದ್ದು ಐದು" ಎನ್ನುತ್ತಿದ್ದಳು. ಉಳಿದ ಐವರ ಹೆಸರು ನಮಗೆ ಗೊತ್ತಿತ್ತು. ಉಳಿಯದ ನಾಲ್ವರಲ್ಲಿ ಇಬ್ಬರಿಗೆ ಹೆಸರೇ ಇಟ್ಟಿರಲಿಲ್ಲ. ಹನ್ನೆರಡು ದಿನ ತುಂಬದ ಕೂಸಿಗೆ ಹೆಸರೆಲ್ಲಿಂದ ಬರಬೇಕು? ಅವನ್ನು ಸುಡಲಿಲ್ಲ, ಹಿತ್ತಲಾಚೆ ಹೂತರು. ತಿಥಿ ಇಲ್ಲ, ಶ್ರಾದ್ಧ ಇಲ್ಲ. ಆದರೂ ಎಪ್ಪತ್ತು ದಾಟಿದ ಮೇಲೂ ಅಜ್ಜಿಯ ಲೆಕ್ಕದಲ್ಲಿ ಒಂಬತ್ತು ಎಂಬುದು ಎಂಟಾಗಲಿಲ್ಲ. ಇನ್ನೊಬ್ಬರ ಮತದ ಕಥೆ ಹೇಳುವಾಗ ನಮ್ಮದೆಲ್ಲ ಸರಿ ಎಂಬ ಭಾವ ನನಗಿಲ್ಲ. ಗಂಡುಮಗನಿಲ್ಲದವರಿಗೆ 'ಪುತ್' ಎಂಬ ನರಕ ಕಾದಿದೆ ಎಂದು ಹೆದರಿಸಿದವರು ನಾವು. ಮಕ್ಕಳು ಉಳಿಯದವಳನ್ನು ಆರತಿಗೆ ಕರೆಯದೆ ದೂರವಿಟ್ಟವರೂ ನಾವೇ. ದುಃಖದ ಮೇಲೆ ಶಾಸ್ತ್ರದ ಬರೆ ಎಳೆಯುವುದರಲ್ಲಿ ಯಾವ ಮತದವರೂ ಹಿಂದೆ ಬಿದ್ದವರಲ್ಲ.

ಈಗ ಸ್ವಿಟ್ಜರ್‌ಲೆಂಡಿಗೆ ಬರೋಣ. ಬರ್ನ್ ಪ್ರಾಂತದಲ್ಲಿ ಆರೆ ನದಿಯ ದಡದಲ್ಲಿ ಓಬರ್‌ಬ್ಯೂರೆನ್ ಎಂಬ ಊರಿದೆ. ನಮಗೆ 'ಬಾಸೆಲ್ ಮಿಷನ್' ಎಂಬ ಹೆಸರಿನಿಂದ ಪರಿಚಿತವಾದ ಬಾಸೆಲ್ ನಗರಕ್ಕೆ ಇದೇನೂ ಬಹಳ ದೂರವಲ್ಲ. ಹದಿನೈದನೇ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿನ ಮೇರಿಮಾತೆಯ ಗುಡಿಗೆ ದೂರದೂರದಿಂದ ಜನ ಬರುತ್ತಿದ್ದರು. ಅವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟು. ಅದರೊಳಗೆ ಸತ್ತು ಹುಟ್ಟಿದ ಕೂಸು.

ಅಲ್ಲಿ ಏನು ನಡೆಯುತ್ತಿತ್ತೆಂಬುದು ನಮಗೆ ತಿಳಿದಿರುವುದು ಅದನ್ನು ವಿರೋಧಿಸಿದ ಕಾನ್‌ಸ್ಟನ್ಸಿನ ಬಿಷಪ್ 1486ರಲ್ಲಿ ರೋಮಿಗೆ ಬರೆದ ದೂರಿನ ಪತ್ರದಿಂದ. ಆ ಕೆಲಸಕ್ಕೆಂದೇ ಇದ್ದ ಹೆಂಗಸರು ಕೂಸನ್ನು ಉರಿಯುವ ಕೆಂಡ, ಮೇಣದ ಬತ್ತಿಗಳ ನಡುವೆ ಇಟ್ಟು ಬೆಚ್ಚಗೆ ಮಾಡುತ್ತಿದ್ದರು. ಆಮೇಲೆ ಅದರ ತುಟಿಯ ಮೇಲೆ ಹಗುರವಾದ ಒಂದು ಗರಿಯನ್ನಿಡುತ್ತಿದ್ದರು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಗರಿ ಅಲುಗಿತೋ, ಕೂಸು ಉಸಿರಾಡಿತು, ಮೇರಿಮಾತೆ ಕ್ಷಣಕಾಲ ಜೀವ ಕೊಟ್ಟಳು! ಕೂಡಲೇ ಜ್ಞಾನಸ್ನಾನ, ಗಂಟೆಗಳ ನಾದ. ಕೂಸು ಮತ್ತೆ 'ಸತ್ತ' ಮೇಲೆ ಗುಡಿಯ ಪವಿತ್ರ ಭೂಮಿಯಲ್ಲಿ ಸಮಾಧಿ. ಎರಡು ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಹೀಗೆ ಮಾಡಿದ್ದಾರೆಂದು ಬಿಷಪ್ಪರ ದೂರು. ಕಾವಿಗೆ ಮೇಲೇಳುವ ಗಾಳಿಯಿಂದ ಗರಿ ಅಲುಗುತ್ತದೆಯೇ ಹೊರತು ಉಸಿರಿನಿಂದಲ್ಲ, ಇದು ಮೂಢನಂಬಿಕೆ ಎಂಬುದು ಅವರ ವಾದ.

ಬಿಷಪ್ಪರು ಹೇಳಿದ್ದು ವಿಜ್ಞಾನದ ದೃಷ್ಟಿಯಿಂದ ಸರಿಯೇ. ಆದರೆ ನನಗೆ ಒಂದು ಸಂಶಯ. ಬಿಸಿ ಗಾಳಿಗೆ ಗರಿ ಹಾರುತ್ತದೆಂಬುದು ದಿನವೂ ಒಲೆಯ ಮುಂದೆ ಕೂರುವ ಹೆಂಗಸರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು ಎಂದೇ ನನ್ನ ಭಾವನೆ. ಅವರು ಶಾಸ್ತ್ರವನ್ನು ಧಿಕ್ಕರಿಸಲಿಲ್ಲ, ಪಂಡಿತರೊಡನೆ ವಾದಕ್ಕೂ ಇಳಿಯಲಿಲ್ಲ. ಜ್ಞಾನಸ್ನಾನ ಬೇಕೇ ಬೇಕು ಎನ್ನುತ್ತೀರಿ, ಆಗಲಿ. ಬದುಕಿರುವ ಮಗುವಿಗೇ ಕೊಡಬೇಕು ಎನ್ನುತ್ತೀರಿ, ಅದೂ ಆಗಲಿ. ಹಾಗಾದರೆ ನಮ್ಮ ಕೂಸು ಒಂದು ಉಸಿರಿನಷ್ಟು ಹೊತ್ತು ಬದುಕಿತ್ತು! ನಿಯಮವನ್ನು ಮುರಿಯದೆ ಅದರೊಳಗೇ ಒಂದು ಸಂದಿಯನ್ನು ಹುಡುಕಿ, ಆ ಸಂದಿಯಲ್ಲಿ ತಮ್ಮ ಕೂಸನ್ನು ಸ್ವರ್ಗಕ್ಕೆ ದಾಟಿಸಿದರು.

1528ರಲ್ಲಿ ಬರ್ನ್ ನಗರ ಮತಸುಧಾರಣೆಯನ್ನು ಒಪ್ಪಿಕೊಂಡಿತು. ಮೂರ್ತಿಯನ್ನು ಸುಟ್ಟರು, ಆಮೇಲೆ ಗುಡಿಯನ್ನೂ ಕೆಡವಿದರು. ಊರಿನ ಹೊಲಗಳಡಿಯಲ್ಲಿ ಎಲ್ಲವೂ ಮರೆತುಹೋಯಿತು. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದಾಗ ಸುಮಾರು 250 ಕೂಸುಗಳ ಎಲುಬುಗಳು ಸಿಕ್ಕಿದವು. ತಿಂಗಳು ತುಂಬದ ಭ್ರೂಣಗಳೂ ಅವುಗಳಲ್ಲಿದ್ದವು. ಬಿಷಪ್ಪರ ಪತ್ರ ಸುಳ್ಳಲ್ಲವೆಂದು ಮಣ್ಣೇ ಸಾಕ್ಷಿ ಹೇಳಿತು. ಇಂಥ ಗುಡಿಗಳು ಫ್ರಾನ್ಸಿನಲ್ಲಂತೂ ಬಹಳ ಇದ್ದವು. ರೋಮ್ ಬೇಡವೆಂದರೂ ಕೆಲವು ಕಡೆ ಈ ಪದ್ಧತಿ ಹತ್ತೊಂಬತ್ತನೇ ಶತಮಾನದವರೆಗೂ ನಡೆಯಿತು.

ಗುಡಿ ಕೆಡವಿದ ಸುಧಾರಕರು ತಾಯಂದಿರಿಗೆ ಬದಲಿಯಾಗಿ ಏನು ಕೊಟ್ಟರು? ಇದಕ್ಕೆ ಉತ್ತರ ಬೇಕಾದರೆ ಸುಧಾರಕರ ಹಿರಿಯ ಲೂಥರನನ್ನೇ ಕೇಳಬೇಕು. ಅವನೂ ದೇವರ ಕೋಪಕ್ಕೆ ಹೆದರಿದವನೇ. 1505ರಲ್ಲಿ ಸಿಡಿಲಿನ ಮಳೆಯಲ್ಲಿ ಸಿಕ್ಕಿಕೊಂಡು, ಬದುಕಿದರೆ ಸಂನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತು ಮಠ ಸೇರಿದ. ಉಪವಾಸ, ಜಾಗರಣೆ, ಪಾಪನಿವೇದನೆ ಯಾವುದರಿಂದಲೂ ಅವನ ಭಯ ಹೋಗಲಿಲ್ಲ. ಎಷ್ಟು ಮಾಡಿದರೆ ಸಾಕು ಎಂಬ ಲೆಕ್ಕ ಸಿಗಲೇ ಇಲ್ಲ. ಕೊನೆಗೆ ಸಂತ ಪೌಲನ ಪತ್ರವನ್ನು ಓದುತ್ತಾ ಅವನಿಗೆ ಹೊಳೆದದ್ದು ಇದು: ರಕ್ಷಣೆಯೆಂಬುದು ನಾವು ದುಡಿದು ಗಳಿಸುವ ಕೂಲಿಯಲ್ಲ. ಅದು ದೇವರು ಕೊಡುವ ದಾನ, ಕೈಯೊಡ್ಡಿ ನಂಬುವುದಷ್ಟೇ ನಮ್ಮ ಕೆಲಸ. 'ನಂಬಿಕೆಯೊಂದರಿಂದಲೇ ರಕ್ಷಣೆ' ಎಂದು ನಾವು ಪಾಠದಲ್ಲಿ ಹೇಳುವುದು ಇದನ್ನೇ.

ಆದರೆ ಇಲ್ಲಿಯೂ ಅದೇ ಪ್ರಶ್ನೆ ಕಾದಿತ್ತು. ನಂಬಿಕೆಯೊಂದೇ ದಾರಿಯಾದರೆ, ನಂಬುವುದಕ್ಕೆ ಬುದ್ಧಿಯೇ ಬಲಿಯದ ಕೂಸಿನ ಗತಿಯೇನು? 1525ರಲ್ಲಿ ಜ್ಯೂರಿಕ್ಕಿನಲ್ಲಿ ಹುಟ್ಟಿದ ಒಂದು ಪಂಗಡದವರು, ಕೂಸಿಗೆ ಜ್ಞಾನಸ್ನಾನವೇ ಬೇಡ, ಬೆಳೆದು ತಾನಾಗಿ ನಂಬಿದ ಮೇಲೆ ಸಾಕು ಎಂದರು. ಕೂಸುಗಳು ಅದಿಲ್ಲದೆಯೂ ರಕ್ಷಣೆ ಪಡೆಯುತ್ತವೆ ಎಂಬುದು ಅವರ ನಿಲುವು. ಲೂಥರನ ಕಡೆಯವರು 1530ರ ತಮ್ಮ ಪ್ರಮಾಣಪತ್ರದಲ್ಲಿ ಇದನ್ನು ಖಂಡಿಸಿದರು. ಶಾಸ್ತ್ರದ ಮಾತಿಗೆ ಅವರೂ ಬಿಗಿಯೇ.

ಆದರೆ ಲೂಥರನಿಗೆ ಅಗಸ್ಟಿನ್‌ಗಿಲ್ಲದ ಒಂದು ಭಾಗ್ಯವಿತ್ತು. ಅವನು ಸಂಸಾರದೊಳಗೆ ಕುಳಿತು ಶಾಸ್ತ್ರ ಬರೆದ. 1525ರಲ್ಲಿ ಅವನು ಮದುವೆಯಾದದ್ದು ಮಠ ಬಿಟ್ಟು ಬಂದ ಸಂನ್ಯಾಸಿನಿ ಕ್ಯಾಥರಿನಾ ಫಾನ್ ಬೋರಾಳನ್ನು. ದನ, ಹಂದಿ, ತೋಟ, ಮನೆ ತುಂಬ ಓದುವ ಹುಡುಗರು, ಬಂದುಹೋಗುವವರು ಎಲ್ಲವನ್ನೂ ನಿಭಾಯಿಸಿದ ಗಟ್ಟಿಗಿತ್ತಿ ಆಕೆ. ಆರು ಮಕ್ಕಳು ಹುಟ್ಟಿದರು. ಎಲಿಜಬೆತ್ ಎಂಬ ಕೂಸು 1528ರಲ್ಲಿ ಎಂಟು ತಿಂಗಳಿಗೇ ತೀರಿಕೊಂಡಿತು. 1540ರಲ್ಲಿ ಕ್ಯಾಥರಿನಾಗೆ ಗರ್ಭಪಾತವಾಗಿ ಅವಳೇ ಸಾವಿನ ಬಾಗಿಲಿಗೆ ಹೋಗಿ ಬಂದಳು. 1542ರಲ್ಲಿ ಹದಿಮೂರು ವರ್ಷದ ಮಗ್ದಲೇನಾ ತಂದೆಯ ತೋಳಿನಲ್ಲೇ ಪ್ರಾಣ ಬಿಟ್ಟಳು.

ಅದೇ 1542ರಲ್ಲಿ ಲೂಥರ್ ಬರೆದ ಒಂದು ಪುಟ್ಟ ಬರಹ ಅಚ್ಚಾಯಿತು. ಬಸಿರು ನಿಲ್ಲದ, ಕೂಸು ದಕ್ಕದ ಹೆಂಗಸರಿಗೆ ಸಾಂತ್ವನ ಹೇಳುವ ಬರಹ ಅದು. ನಮ್ಮ ಪಠ್ಯಪುಸ್ತಕದಲ್ಲಿ 95 ವಾದಗಳಿವೆ, ಇದರ ಸುದ್ದಿಯೇ ಇಲ್ಲ. ಅದರಲ್ಲಿ ಅವನು ಹೇಳುವ ಸಾರಾಂಶ ಇಷ್ಟು: ಇದು ನಿಮ್ಮ ತಪ್ಪಲ್ಲ, ದೇವರು ನಿಮ್ಮ ಮೇಲೆ ಮುನಿದಿದ್ದಾನೆಂದೂ ತಿಳಿಯಬೇಡಿ. ಆ ಕೂಸಿಗೆ ಜ್ಞಾನಸ್ನಾನ ಮಾಡಿಸಬೇಕೆಂದು ನೀವು ಮನಸ್ಸಿನಲ್ಲಿ ಹಂಬಲಿಸಿದಿರಲ್ಲ, ಬಾಯಿಗೆ ಮಾತು ಬಾರದೆ ನಿಟ್ಟುಸಿರು ಬಿಟ್ಟಿರಲ್ಲ, ದೇವರ ಕಿವಿಗೆ ಅದೇ ಪ್ರಾರ್ಥನೆ. ಇಸ್ರೇಲರಲ್ಲಿ ಸುನ್ನತಿಯ ಎಂಟನೇ ದಿನಕ್ಕೆ ಮೊದಲೇ ಸತ್ತ ಮಕ್ಕಳನ್ನು ದೇವರು ಕೈಬಿಟ್ಟನೇನು? ಡಾಂಟೆಯ ಲಿಂಬೊದಲ್ಲಿ ಬರಿಯ ನಿಟ್ಟುಸಿರಿತ್ತು ಎಂದೆನಲ್ಲ. ಲೂಥರ್ ಆ ನಿಟ್ಟುಸಿರನ್ನು ಎತ್ತಿ ತಾಯಿಯ ಎದೆಯಲ್ಲಿಟ್ಟು, ಅದಕ್ಕೆ ಪ್ರಾರ್ಥನೆಯೆಂದು ಹೆಸರಿಟ್ಟ ಎಂದು ನನಗನ್ನಿಸುತ್ತದೆ. ನರಕವನ್ನು ಅವನು ಅಳಿಸಲಿಲ್ಲ, ಅವನ ಸಾಂತ್ವನವೂ ನಂಬುವ ಕ್ರೈಸ್ತ ತಾಯಂದಿರಿಗಷ್ಟೇ. ಆದರೂ ನಂಬಿಕೆಯೆಂದರೆ ಯಾರ ನಂಬಿಕೆ ಎಂಬ ಪ್ರಶ್ನೆಗೆ ಇಲ್ಲಿ ತಾಯಿಯ ನಂಬಿಕೆ ಎಂಬ ಉತ್ತರ ಸಿಕ್ಕಿತು.

ಚರಿತ್ರೆಯ ವಿಚಿತ್ರ ನೋಡಿ. 1518ರಲ್ಲಿ ಪೋಪರ ಪರವಾಗಿ ಲೂಥರನನ್ನು ವಿಚಾರಣೆಗೆ ಕರೆದ ಕಾರ್ಡಿನಲ್ ಕಜೆಟಾನ್ ಅವನ ಕಡುವಿರೋಧಿ. ಅದೇ ಕಜೆಟಾನ್ ತಾಮಸ್ ಅಕ್ವಿನಾಸನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುವಾಗ, ಗರ್ಭದಲ್ಲೇ ಸಾಯುವ ಮಗುವಿಗೆ ತಂದೆತಾಯಿಯರ ಹಂಬಲವೇ ಸಾಕಾಗಬಹುದೆಂದು ಸೂಚಿಸಿದ್ದ. ಮುಂದೆ ಪೋಪ್ ಐದನೇ ಪಯಸ್ ಆ ಭಾಗವನ್ನು 1570ರ ಮುದ್ರಣದಿಂದ ತೆಗೆಸಿಹಾಕಿದರು. ಎಲ್ಲದರಲ್ಲೂ ಜಗಳವಾಡಿದ ಇಬ್ಬರು, ಕೂಸು ಕಳೆದುಕೊಂಡ ತಾಯಿಯ ವಿಷಯದಲ್ಲಿ ಮಾತ್ರ ಹತ್ತಿರ ಹತ್ತಿರ ಬಂದಿದ್ದರು!

ಆದರೆ ಸುಧಾರಣೆಯಾಯಿತು, ಭಯ ಹೋಯಿತು ಎಂದು ಕಥೆ ಮುಗಿಸುವಂತಿಲ್ಲ. ಜಿನೀವಾದ ಕ್ಯಾಲ್ವಿನ್, ನಂಬುವವರ ಮಕ್ಕಳು ಜ್ಞಾನಸ್ನಾನಕ್ಕೆ ಮೊದಲೇ ದೇವರಿಗೆ ಸೇರಿದವರು ಎಂದ. ಹಾಗೆಂದು ಸೂಲಗಿತ್ತಿಯರ ಕೈಯಲ್ಲಿದ್ದ ಆ ಅಧಿಕಾರವನ್ನೂ ಕಿತ್ತುಕೊಂಡ. ಯಾರಿಗೆ ರಕ್ಷಣೆ, ಯಾರಿಗೆ ಶಿಕ್ಷೆ ಎಂಬುದನ್ನು ದೇವರು ಮೊದಲೇ ನಿರ್ಧರಿಸಿಬಿಟ್ಟಿದ್ದಾನೆ ಎಂಬುದು ಅವನ ಸಿದ್ಧಾಂತ. ಆ ಸಿದ್ಧಾಂತವನ್ನು ಹಿಡಿದು ಅಮೆರಿಕಕ್ಕೆ ಹೋದವರಲ್ಲೊಬ್ಬ ಪಾದ್ರಿ ಮೈಕೆಲ್ ವಿಗಲ್ಸ್‌ವರ್ತ್. 1662ರಲ್ಲಿ ಕೊನೆಯ ತೀರ್ಪಿನ ದಿನದ ಬಗ್ಗೆ ಅವನು ಬರೆದ ದೀರ್ಘ ಪದ್ಯವನ್ನು ಅಲ್ಲಿ ಮನೆಮನೆಯಲ್ಲೂ ಓದುತ್ತಿದ್ದರು. ಅದರಲ್ಲಿ ಕೂಸುಗಳೇ ಎದ್ದು ನಿಂತು ದೇವರೊಡನೆ ವಾದಿಸುತ್ತವೆ. ದೇವರು ಅವುಗಳಿಗೆ ನರಕದಲ್ಲೇ ಕಷ್ಟ ಕಡಿಮೆಯಿರುವ ಜಾಗವೊಂದನ್ನು ಕೊಡುತ್ತಾನೆ, ಬಿಡುಗಡೆ ಕೊಡುವುದಿಲ್ಲ. ಸಾವಿರದ ಇನ್ನೂರು ವರ್ಷ ಕಳೆದರೂ ಅಗಸ್ಟಿನ್ ಅಲ್ಲೇ ಕುಳಿತಿದ್ದ!

ಕ್ಯಾಥೊಲಿಕ್ ಐರ್ಲೆಂಡಿನ ಕಥೆ ಇನ್ನೂ ಇತ್ತೀಚಿನದು. ಅಲ್ಲಿ 'ಕಿಲ್ಲೀನ್' ಎಂಬ ಜಾಗಗಳಿವೆ. ಹಾಳುಬಿದ್ದ ಚರ್ಚಿನ ಪಕ್ಕ, ಎರಡು ಊರಿನ ಗಡಿ, ಸಮುದ್ರದ ದಂಡೆ, ಹೀಗೆ ಯಾರಿಗೂ ಬೇಡದ ನೆಲ. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳನ್ನು ಹೂಳುತ್ತಿದ್ದುದು ಅಲ್ಲಿ. ದೇಶದುದ್ದಕ್ಕೂ ಇಂಥ ಸಾವಿರಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿದ್ದಾರೆ. ಇಪ್ಪತ್ತನೇ ಶತಮಾನದ ಮಧ್ಯಭಾಗದವರೆಗೂ ಇದು ನಡೆಯಿತು. ಕತ್ತಲಾದ ಮೇಲೆ ತಂದೆ ಅಥವಾ ಮನೆಯ ಗಂಡಸೊಬ್ಬ ಪುಟ್ಟ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಹೂತು ಬರುತ್ತಿದ್ದ. ಪಾದ್ರಿಯಿಲ್ಲ, ಮಂತ್ರವಿಲ್ಲ, ಹೆಸರು ಕೆತ್ತಿದ ಕಲ್ಲಿಲ್ಲ. ತಾಯಿ ಬಾಣಂತಿ, ಹಾಸಿಗೆಯಲ್ಲಿ. ಎಷ್ಟೋ ತಾಯಂದಿರಿಗೆ ತಮ್ಮ ಕೂಸನ್ನು ಎಲ್ಲಿ ಇಟ್ಟರೆಂಬುದೂ ತಿಳಿಯಲಿಲ್ಲ. ಆದರೂ ಈ ಜಾಗಗಳಲ್ಲಿ ಬಹಳ ಕಡೆ ಬಿಳಿಯ ಬೆಣಚುಕಲ್ಲುಗಳು ಸಿಗುತ್ತವೆ. ಯಾವ ಶಾಸ್ತ್ರವೂ ಹೇಳದಿದ್ದರೂ ಯಾರೋ ಆರಿಸಿ ತಂದು ಇಟ್ಟ ಕಲ್ಲುಗಳು.

ಕೊನೆಗೂ ಕಾಲ ಬದಲಾಯಿತು. 1960ರ ದಶಕದಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1970ರ ಪೂಜಾಗ್ರಂಥದಲ್ಲಿ ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡ ಮಗುವಿಗೂ ಅಂತ್ಯಕ್ರಿಯೆಯ ಪೂಜೆ ಬಂತು. 1992ರಲ್ಲಿ ಹೊರಬಂದ ಧರ್ಮೋಪದೇಶದ ಗ್ರಂಥ ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿತು, ಲಿಂಬೊ ಎಂಬ ಶಬ್ದವನ್ನೇ ಎತ್ತಲಿಲ್ಲ. 2007ರ ಏಪ್ರಿಲ್‌ನಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವತಾಶಾಸ್ತ್ರ ಆಯೋಗ, ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆಯಿಂದ, ಈ ವಿಷಯದ ಮೇಲೇ ಒಂದು ವರದಿ ಪ್ರಕಟಿಸಿತು. ಲಿಂಬೊ ಎಂದೂ ಸಭೆಯ ಕಡ್ಡಾಯ ಸಿದ್ಧಾಂತವಾಗಿರಲಿಲ್ಲ, ಖಚಿತವಾಗಿ ತಿಳಿದಿದೆ ಎನ್ನಲಾಗದಿದ್ದರೂ ಈ ಮಕ್ಕಳು ದೇವರನ್ನು ಸೇರುತ್ತಾರೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದಿತು. ಗಮನಿಸಬೇಕಾದ ಮಾತೊಂದಿದೆ. ಆ ಆಯೋಗಕ್ಕೆ ಮೊಟ್ಟಮೊದಲ ಬಾರಿಗೆ ಮಹಿಳೆಯರು ನೇಮಕವಾದದ್ದು 2004ರಲ್ಲಿ. ಇಬ್ಬರು. ಅವರಲ್ಲೊಬ್ಬರು ಸ್ವಿಟ್ಜರ್‌ಲೆಂಡಿನ ಫ್ರೈಬೋರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. ಗರಿ ಇಟ್ಟು ಕಾದ ಹೆಂಗಸರ ನಾಡಿನಿಂದಲೇ!

ಐರ್ಲೆಂಡಿನ ಕಿಲ್ಲೀನುಗಳಿಗೂ ಈಚಿನ ದಶಕಗಳಲ್ಲಿ ಪಾದ್ರಿಗಳು ಬಂದು ಆಶೀರ್ವಾದ ಮಾಡಿದ್ದಾರೆ, ನೆನಪಿನ ಕಲ್ಲು ನೆಟ್ಟಿದ್ದಾರೆ. ವಯಸ್ಸಾದ ತಾಯಂದಿರು ಬಂದು ನಿಂತಿದ್ದಾರೆ.

ನರಕ ಉಂಟೋ ಇಲ್ಲವೋ, ಅದು ಶಾಶ್ವತವೋ ಅಲ್ಲವೋ, ಇದರಲ್ಲಿ ಇಂದಿಗೂ ಕ್ರೈಸ್ತರೊಳಗೇ ಭಿನ್ನಾಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವುದು ನನ್ನಂಥ ಶಿಕ್ಷಕಿಯ ಕೆಲಸವಲ್ಲ. ಚರಿತ್ರೆ ಓದುವವಳಾಗಿ ನಾನು ಕಂಡದ್ದು ಇಷ್ಟು. ಹದಿನಾರು ಶತಮಾನ ಪಂಡಿತರು ವಾದಿಸಿ ಬಂದು ಸೇರಿದ ಜಾಗಕ್ಕೆ, ಓದು ಬರಹ ಬಾರದ ತಾಯಂದಿರು ಮೊದಲೇ ಬಂದು ನಿಂತಿದ್ದರು. ನನ್ನ ಕೂಸು ನರಕಕ್ಕೆ ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ಗ್ರಂಥದ ಆಧಾರವಿರಲಿಲ್ಲ, ಬಿಷಪ್ಪರ ಒಪ್ಪಿಗೆಯಿರಲಿಲ್ಲ. ಒಂದು ಗರಿ ಇತ್ತು, ಒಂದು ಬಿಳಿಕಲ್ಲು ಇತ್ತು. ನಂಬಿಕೆಯಿಂದ ರಕ್ಷಣೆ ಎಂಬ ಮಾತನ್ನು ಈಗ ಓದುವಾಗ ನನಗೆ ಮೊದಲು ಕಣ್ಣಿಗೆ ಬರುವವರು ಅವರೇ.

ಇಂದು ನಮ್ಮಲ್ಲಿ ಆಸ್ಪತ್ರೆಗಳಿವೆ, ಕೂಸುಗಳು ಹೆಚ್ಚಾಗಿ ಉಳಿಯುತ್ತವೆ. ಆದರೂ ಕೆಲವು ಉಳಿಯುವುದಿಲ್ಲ. ಬರಿಗೈಯಲ್ಲಿ ಮನೆಗೆ ಬಂದವಳಿಗೆ "ಹೋಗಲಿ ಬಿಡು, ಇನ್ನೊಂದಾಗುತ್ತೆ" ಎನ್ನುವವರೇ ಹೆಚ್ಚು. ಅವಳೇನು ಪಾಪ ಮಾಡಿದ್ದಳೋ ಎಂದು ಬೆನ್ನ ಹಿಂದೆ ಆಡುವವರೂ ಇದ್ದಾರೆ. ಅಂಥವಳು ನಿಮ್ಮ ಓಣಿಯಲ್ಲಿದ್ದರೆ ಒಂದು ಗಳಿಗೆ ಅವಳ ಪಕ್ಕ ಕುಳಿತು, ಕೂಸು ಯಾರ ಹಾಗಿತ್ತು ಎಂದು ಕೇಳಿ. ಅವಳು ಹೇಳುತ್ತಾಳೆ.